ತಂಬೂರಿ ನುಡಿದರೆ ಫ್ಯಾನ್ ಬಂದ್

ಮೂವತ್ತೆರಡು ವರ್ಷ ನಾನು ನಾಟಕಗಳನ್ನು ಪಕ್ಕದಿಂದ ನೋಡಿದ್ದೇನೆ. ಧಾರವಾಡದ ಒಂದು ರಂಗಮಂದಿರದಲ್ಲಿ ಪರದೆ ಎಳೆಯುವುದು, ದೀಪ ನೋಡಿಕೊಳ್ಳುವುದು, ಮೈಕು ಹಚ್ಚುವುದು ನನ್ನ ಕೆಲಸವಾಗಿತ್ತು. ರಂಗದ ಎಡ ಮಗ್ಗುಲಿಗೆ, ಪ್ರೇಕ್ಷಕರಿಗೆ ಕಾಣದ ಜಾಗದಲ್ಲಿ ಸ್ವಿಚ್ ಬೋರ್ಡು, ಅದರ ಪಕ್ಕದಲ್ಲಿ ನನ್ನ ಸ್ಟೂಲು. ಹೀಗಾಗಿ ಈ ಭಾಗದ ಹೆಸರಾಂತ ನಟರೆಲ್ಲರ ಒಂದು ಕಿವಿ ಮತ್ತು ಅರ್ಧ ಮೂಗು ನನಗೆ ಚೆನ್ನಾಗಿ ಗೊತ್ತು. ಇಡೀ ಮುಖ ನೋಡಿದ್ದು ಅವರು ಊಟಕ್ಕೆ ಕುಳಿತಾಗ.

ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಸವಿತಾ ಎಂಬ ಹೆಣ್ಣುಮಗಳು ಬಂದಿದ್ದಾರೆ. ಡಿಪ್ಲೊಮಾ ಓದಿದವರು. ಮೊನ್ನೆ ಲಕಮನಹಳ್ಳಿಯ ನಮ್ಮ ಮನೆಗೆ ಬಂದು, "ಕಾಕಾ, ಮ್ಯಾನ್ಯುಯಲ್‌ನಾಗ ಇಲ್ಲದ್ದು ಏನರ ಇದ್ರ ಬರದು ಕೊಡ್ರಿ" ಅಂದರು. ಮ್ಯಾನ್ಯುಯಲ್ ನಾನು ಓದಿಲ್ಲ. ಅದರಲ್ಲಿ ಏನಿಲ್ಲ ಎಂದು ಗೊತ್ತಾಗುವ ದಾರಿ ಇಲ್ಲದ್ದರಿಂದ ನೆನಪಿದ್ದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಮೂಲತಃ ಹಳೇ ಹುಬ್ಬಳ್ಳಿಯವನು. ಅಲ್ಲಿ ನಮ್ಮ ಸೋದರಮಾವನದು ಬಾಡಿಗೆ ಮೈಕ್ ಸೆಟ್ಟಿನ ಅಂಗಡಿ. ಒಂದು ಕಾರ್ಯಕ್ರಮಕ್ಕೆ ಮೈಕು ತೆಗೆದುಕೊಂಡು ಧಾರವಾಡಕ್ಕೆ ಬಂದಿದ್ದೆ. ರಂಗಮಂದಿರದ ವ್ಯವಸ್ಥಾಪಕರಾದ ದೇಸಾಯಿಯವರು ನಾನು ವೈರು ಸುತ್ತುವ ರೀತಿ ನೋಡಿ, "ಫಕ್ಕೀರಪ್ಪ, ನಾಳೆನೂ ಬಾ" ಅಂದರು. ಈ ‘ನಾಳೆನೂ ಬಾ’ ಹದಿನೈದು ವರ್ಷ ನಡೆಯಿತು. ಸರಕಾರಿ ಭಾಷೆಯಲ್ಲಿ ಇದಕ್ಕೆ ದಿನಗೂಲಿ ಅನ್ನುತ್ತಾರೆ. ನನ್ನನ್ನು ಕಾಯಂ ಮಾಡಬೇಕು ಎಂಬ ಫೈಲು ಎರಡನೆಯ ವರ್ಷವೇ ಹುಟ್ಟಿತು, ಆದರೆ ಅದಕ್ಕೆ ನಡಿಗೆ ಬರಲಿಲ್ಲ. ಹೆಣ್ಣು ನೋಡಲು ಹೋದಾಗ ಗಂಗವ್ವನ ತಂದೆ, "ಹುಡುಗ ಕಾಯಂ ಆಗ್ಯಾನೇನ್ರಿ?" ಎಂದು ಕೇಳಿದರು. ನಮ್ಮವ್ವ, "ಆಗಾಕತ್ತಾನ್ರಿ" ಅಂದಳು. ಮದುವೆಯಾಗಿ, ಎರಡು ಮಕ್ಕಳಾಗಿ, ದೊಡ್ಡವಳು ಸಾಲಿಗೆ ಹೋಗತೊಡಗಿದರೂ ನಾನು ಆಗಾಕತ್ತೇ ಇದ್ದೆ.

ನನಗೆ ಪರದೆ ಎಳೆಯಲು ಕಲಿಸಿದವರು ನಿಂಗಪ್ಪ ಕಾಕಾ. ನಾಟಕ ಕಂಪನಿಯಲ್ಲಿ ಸವೆದು, ಕಂಪನಿ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದ ಮನುಷ್ಯ. ಕಂಪನಿಯ ಪದ್ಧತಿಯಲ್ಲಿ ಸೀನು ಬದಲಾಗುವುದು ಸೀಟಿಯ ಮೇಲೆ. ಒಳಗಿನಿಂದ ಮ್ಯಾನೇಜರ್ ಒಂದು ಸೀಟಿ ಊದಿದರೆ ಪರದೆ ಬೀಳಬೇಕು. ಯಾಕೆ, ಏನು ಎಂದು ಕೇಳಬಾರದು. "ಕೈ ಕಿವಿ ಮಾತು ಕೇಳಬೇಕು, ತಲಿ ಮಾತು ಕೇಳಬಾರದು" ಎಂದು ಕಾಕಾ ನನಗೆ ಹೇಳಿಕೊಟ್ಟಿದ್ದರು. ಒಂದು ವರ್ಷದಲ್ಲಿ ನನ್ನ ಕೈ ಪೂರ್ತಿ ಹಾಗೆ ತಯಾರಾಯಿತು.

ಒಂದು ಸಂಜೆ ನಾಟಕದ ನಾಯಕಿ ದುಃಖದ ಹಾಡು ಹಾಡುತ್ತಿದ್ದಳು. ಹಿಂದಿನ ಸಾಲಿನ ಯಾರಿಗೋ ಹಾಡು ಭಾಳ ಹಿಡಿಸಿ ಜೋರಾಗಿ ಸೀಟಿ ಹೊಡೆದರು. ನಾನು ಪರದೆ ಇಳಿಸಿದೆ. ನಾಯಕಿ ಅನುಭವಸ್ಥೆ, ಪರದೆಯ ಹಿಂದೆಯೇ ಹಾಡನ್ನು ಮುಗಿಸಿದಳು. ನಾಟಕ ಮುಗಿದ ಮೇಲೆ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಒಳಗೆ ಬಂದು, ದುಃಖವನ್ನು ಕಣ್ಣಿಗೆ ಕಾಣದ ಹಾಗೆ ಮಾಡಿ ಬರೇ ಕಿವಿಗೆ ಕೊಟ್ಟಿದ್ದು ದೊಡ್ಡ ಕಲ್ಪನೆ ಎಂದು ನಿರ್ದೇಶಕರ ಕೈ ಹಿಡಿದುಕೊಂಡರು. ನಿರ್ದೇಶಕರು ನನ್ನ ಕಡೆ ಒಮ್ಮೆ ನೋಡಿ, ಆ ಹೊಗಳಿಕೆಯನ್ನು ತಾವೇ ಇಟ್ಟುಕೊಂಡರು. ಆದರೂ ದೇಸಾಯಿಯವರು ನನ್ನ ಫೈಲಿಗೆ ಒಂದು ಕಾಗದ ಸೇರಿಸಿದರು. ‘ಎಚ್ಚರಿಕೆ ನೀಡಲಾಗಿದೆ’ ಎಂದು ಅದರಲ್ಲಿತ್ತು.

ದೀಪದ ವಿಷಯ ಸವಿತಾ ಅವರಿಗೆ ನಂಬಲು ಕಷ್ಟವಾಗಬಹುದು. ಈಗ ಕಂಪ್ಯೂಟರ್ ಮುಂದೆ ಕುಳಿತು ಬೆರಳಿನಿಂದ ಬೆಳಗು ಮಾಡುತ್ತಾರೆ. ನಾನು ಬಂದಾಗ ಬೆಳಗು ಆಗುತ್ತಿದ್ದದ್ದು ಉಪ್ಪುನೀರಿನಿಂದ. ಮಣ್ಣಿನ ದಪ್ಪ ಪೈಪಿನಲ್ಲಿ ಉಪ್ಪುನೀರು ತುಂಬಿ, ಕೆಳಗೊಂದು ಲೋಹದ ತಗಡು, ಮೇಲಿನಿಂದ ದಾರದಲ್ಲಿ ಇನ್ನೊಂದು ತಗಡು ಇಳಿಬಿಡುವುದು. ಎರಡೂ ಹತ್ತಿರ ಬಂದಷ್ಟು ದೀಪ ಪ್ರಖರ, ದೂರ ಹೋದಷ್ಟು ಮಂದ. ಉಪ್ಪು ಹೆಚ್ಚಾದರೆ ಬೆಳಗು ಲಗೂ ಆಗಿಬಿಡುತ್ತಿತ್ತು. ಒಮ್ಮೆ ನಾಟಕದಲ್ಲಿ ಕಳ್ಳರು ಕನ್ನ ಕೊರೆಯುವ ಮೊದಲೇ ಸೂರ್ಯ ಹುಟ್ಟಿದ. ಕಳ್ಳರು ಹಗಲು ಬೆಳಕಿನಲ್ಲೇ ಕನ್ನ ಕೊರೆದು ಹೋದರು, ಯಾರೂ ಆಕ್ಷೇಪಿಸಲಿಲ್ಲ. ನಾನು ಚೀಲಗಟ್ಟಲೆ ಉಪ್ಪು ಒಯ್ಯುವುದನ್ನು ನೋಡಿ ಕಿರಾಣಿ ಅಂಗಡಿಯವರು, "ನಿಮ್ಮ ಥೇಟರ್‌ನಾಗ ಉಪ್ಪಿನಕಾಯಿ ಹಾಕತೀರೇನ್ರಿ?" ಎಂದು ಕೇಳಿದ್ದರು. ನೀರಿನಲ್ಲಿ ಕರೆಂಟು ಹರಿಯುತ್ತಿತ್ತು ಎಂಬುದನ್ನು ಗಂಗವ್ವನಿಗೆ ನಾನು ಹೇಳಿರಲಿಲ್ಲ. ಆ ಕೆಲಸದಲ್ಲಿ ಜೀವ ಉಳಿದದ್ದು ಜಾಣತನದಿಂದಲ್ಲ. ರಬ್ಬರ್ ಚಪ್ಪಲಿಯಿಂದ.

ನಾಟಕ ಶುರುವಾಗುವ ಮೊದಲು ರಂಗಪೂಜೆಯಲ್ಲಿ ತೆಂಗಿನಕಾಯಿ ಒಡೆಯುತ್ತಾರೆ. ಒಂದು ಹೋಳು ಪರದೆ ಎಳೆಯುವವನಿಗೆ. ಇದು ಯಾವ ಸುತ್ತೋಲೆಯಲ್ಲೂ ಇಲ್ಲ, ಆದರೆ ತಪ್ಪಿದ್ದಿಲ್ಲ. ಕಾಯಂ ಆಗಿರದ ದಿನಗಳಲ್ಲಿ ನನಗೆ ಕಾಯಂ ಆಗಿ ಸಿಗುತ್ತಿದ್ದದ್ದು ಅದೊಂದೇ. ನಮ್ಮ ಮನೆಯ ಚಟ್ನಿಯ ಮೇಲೆ ಕನ್ನಡ ರಂಗಭೂಮಿಯ ಋಣ ಬಹಳ ಇದೆ.

ಇನ್ನು ಜೈಲಿನ ಪರದೆಯ ಸಂಗತಿ. ನಮ್ಮಲ್ಲಿ ಬಣ್ಣ ಬಳಿದ ಹಳೆಯ ಪರದೆಗಳು ನಾಲ್ಕಿದ್ದವು. ದರ್ಬಾರು, ಬೀದಿ, ತೋಟ, ಜೈಲು. ಊರಿನ ಹಿರಿಯ ಹೆಡ್‌ಮಾಸ್ತರರೊಬ್ಬರು ತೀರಿಕೊಂಡಾಗ ಅವರ ಶಿಷ್ಯರು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಭಾವಚಿತ್ರದ ಹಿಂದೆ ತೋಟದ ಪರದೆ ಇರಲಿ ಎಂದು ಕೇಳಿದರು. ಹಿಂದಿನ ದಿನದ ನಾಟಕದವರು ಹಗ್ಗಗಳನ್ನು ಅದಲುಬದಲು ಕಟ್ಟಿ ಹೋಗಿದ್ದು ನನಗೆ ಗೊತ್ತಿರಲಿಲ್ಲ. ಎಲ್ಲರೂ ಒಂದು ನಿಮಿಷದ ಮೌನಕ್ಕೆ ಎದ್ದು ನಿಲ್ಲುವ ಹೊತ್ತಿಗೆ ನಾನು ಮೂರನೆಯ ಹಗ್ಗ ಬಿಟ್ಟೆ. ಮಾಲೆ ಹಾಕಿದ ಮಾಸ್ತರರ ಹಿಂದೆ ಕಬ್ಬಿಣದ ಸರಳುಗಳು ಇಳಿದು ನಿಂತವು. ಮೇಲೆತ್ತೋಣ ಎಂದರೆ ಹಗ್ಗದ ಗಾಲಿ ಕಿರುಗುಡುತ್ತದೆ, ಎಲ್ಲರೂ ಮೌನದಲ್ಲಿದ್ದಾರೆ. ಮೌನ ಮುಗಿದ ತಕ್ಷಣ ಭಾಷಣ ಶುರುವಾಯಿತು. ಮಾಸ್ತರರು ಭಾಳ ಶಿಸ್ತಿನ ಮನುಷ್ಯ ಎಂದು ಮೂರು ಜನ ಹೇಳಿದರು. ಪರದೆ ನೋಡಿ ಹೇಳಿದರೋ, ಮೊದಲೇ ಬರೆದುಕೊಂಡು ಬಂದಿದ್ದರೋ ತಿಳಿಯಲಿಲ್ಲ. ಸಭೆ ಮುಗಿದ ಮೇಲೆ ಮಾಸ್ತರರ ಹೆಂಡತಿಯ ಬಳಿ ಹೋಗಿ ಕೈ ಮುಗಿದು ತಪ್ಪಾಯಿತು ಎಂದೆ. ಆ ತಾಯಿ, "ಇರಲಿ ಬಿಡಪಾ, ಮೂವತ್ತು ವರ್ಷ ಸಾಲ್ಯಾಗ ಇದ್ರು. ಅವರಿಗೂ ಹಂಗ ಅನಸತಿತ್ತು" ಅಂದರು. ಫೈಲಿಗೆ ಇನ್ನೊಂದು ಕಾಗದ ಸೇರಿತು.

ದೇಸಾಯಿಯವರ ಬಗ್ಗೆ ತಪ್ಪು ತಿಳಿಯಬೇಡಿ. ಎಚ್ಚರಿಕೆಯ ಕಾಗದ ಬರೆದ ದಿನವೇ ನನ್ನನ್ನು ಕಾಯಂ ಮಾಡಲು ನೆನಪೋಲೆಯನ್ನೂ ಬರೆಯುತ್ತಿದ್ದರು. ಎರಡೂ ಒಂದೇ ಫೈಲಿನಲ್ಲಿ ಒಂದರ ಮೇಲೊಂದು ಕೂರುತ್ತಿದ್ದವು. "ಫೈಲ್ ದಪ್ಪ ಆದಷ್ಟು ಛಲೋ. ಸಣ್ಣದಿದ್ರ ಕಳೀತದ" ಎನ್ನುತ್ತಿದ್ದರು.

ಫ್ಯಾನಿನ ವಿಷಯದಲ್ಲಿ ನನಗೆ ಪಾಠ ಹೇಳಿದವರೂ ಅವರೇ. "ನಾಟಕಕ್ಕ ಫ್ಯಾನ್ ನಡೀತಾವ. ಭಾಷಣಕ್ಕಂತೂ ಎಲ್ಲಾ ಹಚ್ಚು, ಕೇಳವರು ಆರಾಮ ಮಲಗಲಿ. ಆದ್ರ ತಂಬೂರಿ ಶುರು ಆತಂದ್ರ ಎಲ್ಲಾ ಬಂದ್. ಯಾರೂ ನಿನಗ ಹೇಳಂಗಿಲ್ಲ. ನೀನು ಯಾರನ್ನೂ ಕೇಳಂಗಿಲ್ಲ." ನಮ್ಮ ಸಭಾಗೃಹದಲ್ಲಿ ಹನ್ನೆರಡು ಹಳೆಯ ಫ್ಯಾನುಗಳಿದ್ದವು. ಒಂದೊಂದಕ್ಕೂ ಒಂದೊಂದು ಸ್ವರ, ಯಾವುದೂ ತಂಬೂರಿಗೆ ಹೊಂದುತ್ತಿರಲಿಲ್ಲ. ಹಾಡುವವರು ತಂಬೂರಿ ಕೂಡಿಸಿ ಮೊದಲ ಷಡ್ಜ ಹಿಡಿಯುವ ಹೊತ್ತಿಗೆ ನಾನು ಅವೆಲ್ಲವನ್ನೂ ಬಂದ್ ಮಾಡಿರುತ್ತಿದ್ದೆ. ಆಮೇಲೆ ಎರಡು, ಮೂರು ತಾಸು ಜನ ಬೆವರು ಸುರಿಸುತ್ತ ಕುಳಿತಿರುತ್ತಿದ್ದರು. ಯಾರಾದರೂ ಆಮಂತ್ರಣ ಪತ್ರಿಕೆಯಿಂದ ಗಾಳಿ ಹಾಕಿಕೊಂಡರೆ ಹಿಂದಿನವರು ಭುಜ ಮುಟ್ಟಿ ನಿಲ್ಲಿಸುತ್ತಿದ್ದರು, ಕಾಗದವೂ ಸಪ್ಪಳ ಮಾಡುತ್ತದೆ ಎಂದು. ಹೊರಗಿನ ಊರಿನಿಂದ ಬಂದವರು ಕರೆಂಟು ಹೋಗಿದೆ ಎಂದುಕೊಳ್ಳುತ್ತಿದ್ದರು. ಧಾರವಾಡದವರಿಗೆ ಅದು ಸಂಗೀತದ ಒಂದು ಭಾಗ.

ಹನ್ನೊಂದನೆಯ ವರ್ಷ ನನ್ನ ಫೈಲು ಕೊನೆಗೂ ಎದ್ದು ನಡೆದು ಇಲಾಖೆಯ ಹೊಸ ಅಧಿಕಾರಿಗಳ ಮೇಜಿಗೆ ಹೋಯಿತು. ಇವರು ಬೆಂಗಳೂರು ಕಡೆಯಿಂದ ವರ್ಗವಾಗಿ ಬಂದವರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ಒಂದು ಶುಕ್ರವಾರ ದೇಸಾಯಿಯವರು ಬಂದು, "ಓದ್ಯಾರ. ಸೋಮವಾರ ಸಹಿ ಮಾಡತೇನಿ ಅಂದಾರ. ರವಿವಾರದ ಕಾರ್ಯಕ್ರಮಕ್ಕ ಅವರೇ ಅತಿಥಿ. ಏನೂ ಎಡವಟ್ಟ ಮಾಡಬ್ಯಾಡ" ಅಂದರು. ಮನೆಗೆ ಹೋಗಿ ಹೇಳಿದೆ. ಗಂಗವ್ವ ಒಳಗೆ ಹೋಗಿ ಗೋಧಿ ಹುಗ್ಗಿಗೆ ಗೋಧಿ ನೆನೆ ಹಾಕಿದಳು.

ರವಿವಾರದ ಕಾರ್ಯಕ್ರಮ ಬೆಳಗಿನ ಸಂಗೀತ ಕಛೇರಿ. ಹಾಡುವವರು ಇದೇ ಊರಿನ ಹಿರಿಯ ಗಾಯಕಿ. ಎಲ್ಲರೂ ಅವರನ್ನು ಅಕ್ಕಾವ್ರು ಅನ್ನುತ್ತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಆರು ವರ್ಷದಿಂದ ಸಭೆಯಲ್ಲಿ ಹಾಡಿರಲಿಲ್ಲ. ಇದರ ಮೇಲೆ ಇನ್ನು ಹಾಡುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಕುರ್ಚಿ ಸಾಲದೆ ಜನ ಗೋಡೆಗುಂಟ ನಿಂತಿದ್ದರು. ಬೇಸಿಗೆ. ಬೆಳಗ್ಗೆ ಹತ್ತಕ್ಕೇ ಚಾವಣಿಯ ತಗಡು ಕಾದಿತ್ತು. ಅಧಿಕಾರಿಗಳು ಅತಿಥಿಯಾದ್ದರಿಂದ ಕೋಟು ಹಾಕಿಕೊಂಡು ಮೊದಲ ಸಾಲಿನ ನಟ್ಟನಡುವೆ ಕುಳಿತಿದ್ದರು. ಅವರ ತಲೆಯ ಮೇಲೇ ಒಂದು ಫ್ಯಾನು.

ತಂಬೂರಿ ನುಡಿಯಿತು. ನಾನು ಹನ್ನೆರಡೂ ಬಂದ್ ಮಾಡಿದೆ.

ಅಕ್ಕಾವ್ರು ತೋಡಿ ರಾಗ ಎತ್ತಿಕೊಂಡರು. ದನಿ ಎಷ್ಟು ಸಣ್ಣಗಿತ್ತೆಂದರೆ ಮೈಕು ಪೂರ್ತಿ ಏರಿಸಿದರೂ ಅದು ಹತ್ತಿರ ಕುಳಿತು ಒಬ್ಬರಿಗೆ ಹೇಳಿದ ಹಾಗೇ ಇತ್ತು. ಹತ್ತು ನಿಮಿಷಕ್ಕೆ ಅಧಿಕಾರಿಗಳ ಜವಾನ ಬಗ್ಗಿ ಬಗ್ಗಿ ಬಂದು, "ಸಾಹೇಬ್ರು ಫ್ಯಾನ್ ಹಚ್ಚು ಅಂದಾರ" ಅಂದ. "ಹಚ್ಚತೇನಿ ಅಂತ ಹೇಳು" ಅಂದೆ, ಹಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. "ಲೈನ್‌ನಾಗ ಏನೋ ಆಗೇತಿ ಅಂತ ಹೇಳು" ಅಂದೆ. ಅವನು ಹೋದ ಮೇಲೆ, ಸುಳ್ಳಿಗೆ ಆಧಾರ ಇರಲಿ ಎಂದು ಫ್ಯಾನುಗಳ ಫ್ಯೂಸು ಕಿತ್ತು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ. ಆಗಿನ ಫ್ಯೂಸು ಪಿಂಗಾಣಿಯದು, ಹಿಡಿಯಷ್ಟು ದಪ್ಪ.

ಮೂರನೆಯ ಸಲ ಅಧಿಕಾರಿಗಳೇ ಬಂದರು. ಕೋಟಿನ ಕಾಲರು ನೆನೆದು ಬಣ್ಣ ಬದಲಾಗಿತ್ತು. ದನಿ ತಗ್ಗಿಸಿಯೇ ಕೇಳಿದರು. "ದೀಪ ಉರೀತಾ ಇದೆ, ಮೈಕ್ ಕೆಲಸ ಮಾಡ್ತಾ ಇದೆ. ಫ್ಯಾನಿಗೆ ಮಾತ್ರ ಏನಾಯ್ತು?"

"ಫ್ಯೂಸ್ ಹೋಗೇತ್ರಿ."

"ಕಿಸೆಯಲ್ಲಿ ಏನದು?"

ನಾನು ಕಿಸೆ ನೋಡಿಕೊಂಡೆ. ಬಿಳಿ ಪಿಂಗಾಣಿ ಅರ್ಧ ಹೊರಗೆ ಬಂದಿತ್ತು.

"ಫ್ಯೂಸ್ ರಿ."

"ಹಾಕಿ."

"ಅಕ್ಕಾವ್ರು ಹಾಡಾಕತ್ತಾರ್ರಿ ಸಾಹೇಬ್ರ. ಮುಗದ ಮ್ಯಾಲೆ ಹಾಕತೇನಿ."

ಅವರು ನನ್ನನ್ನು ನೋಡಿದರು. "ನಿಮ್ಮ ಹೆಸರು ಫಕ್ಕೀರಪ್ಪ, ಅಲ್ವಾ?" ಅಂದರು. ಹೌದ್ರಿ ಅಂದೆ. ಅವರು ನೇರ ಹೊರಗೆ ಹೋಗಿ ಕಾರು ಹತ್ತಿದರು. ನಾನು ಸ್ಟೂಲಿನ ಮೇಲೆ ಕುಳಿತೆ. ಆ ಹೊತ್ತಿಗೆ ಅಕ್ಕಾವ್ರು ಕೆಳಗಿನ ಒಂದು ಸ್ವರಕ್ಕೆ ಬಂದು ಅಲ್ಲೇ ನಿಂತರು. ಸಾವಿರ ಜನರ ಸಭಾಗೃಹದಲ್ಲಿ ಉಸಿರಿನ ಸಪ್ಪಳವೂ ಇರಲಿಲ್ಲ. ಒಂದು ಫ್ಯಾನು ತಿರುಗುತ್ತಿದ್ದರೂ ಆ ಸ್ವರ ಯಾರಿಗೂ ಕೇಳುತ್ತಿರಲಿಲ್ಲ. ನಾನು ಅತ್ತೆ. ಆ ಕೆಲಸ ಮಾಡುತ್ತ ಅತ್ತದ್ದು ಅದೊಂದೇ ಸಲ.

ಸೋಮವಾರ ಸಹಿ ಆಗಲಿಲ್ಲ. ‘ಪರಿಶೀಲಿಸಿ ಮಂಡಿಸಿ’ ಎಂದು ಬರೆದು ಫೈಲು ವಾಪಸು ಬಂತು. ಪರಿಶೀಲನೆ ನಾಲ್ಕು ವರ್ಷ ನಡೆಯಿತು. ಆಮೇಲೆ ಬಂದ ಇನ್ನೊಬ್ಬ ಅಧಿಕಾರಿ ನನ್ನ ಮುಖವನ್ನೂ ನೋಡದೆ ಒಂದೇ ದಿನದಲ್ಲಿ ಸಹಿ ಹಾಕಿದರು. ಮೊದಲನೆಯವರು ಕೆಟ್ಟವರು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ಅವರಿಗೆ ಸೆಕೆ ಆಗಿತ್ತು, ನಾನು ಸುಳ್ಳು ಹೇಳಿದ್ದೆ.

ಊರಿನಲ್ಲಿ ಮಾತ್ರ ಈ ಕಥೆ ಬಹಳ ನಡೆಯಿತು. ಸಂಗೀತಕ್ಕಾಗಿ ಕಾಯಂ ನೌಕರಿ ಬಿಟ್ಟ ಮನುಷ್ಯ ಎಂದು ಜನ ನನ್ನ ಬೆನ್ನು ತಟ್ಟಿದರು. ಚಹಾದಂಗಡಿಯಲ್ಲಿ ಎಷ್ಟೋ ಸಲ ನಾನೇ ಇದನ್ನು ಹೇಳಿದ್ದೇನೆ. ನಿವೃತ್ತಿಯ ದಿನ ಶಾಲು ಹೊದಿಸಿದವರೂ ಇದನ್ನೇ ಎತ್ತಿ ಹೇಳಿದರು, ನಾನು ತಲೆ ತಗ್ಗಿಸಿ ಕೇಳಿದೆ. ಎಲ್ಲ ಸಲವೂ ಕಥೆ ಫೈಲು ವಾಪಸು ಬಂದಲ್ಲಿಗೆ ಮುಗಿಯುತ್ತಿತ್ತು. ಆ ರವಿವಾರ ಬೆಳಗ್ಗೆ ನಡೆದ ಇನ್ನೊಂದು ಮಾತನ್ನು ನಾನು ಗಂಗವ್ವನಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಸವಿತಾ ಅವರೇ, ನಿಮಗೆ ಬೇಕಾದದ್ದು ಅದು.

ಆ ದಿನ ಅಕ್ಕಾವ್ರು ತೋಡಿಯೊಂದನ್ನೇ ಹಾಡಿ, ಒಂದು ತಾಸಿನೊಳಗೆ ಕೈ ಮುಗಿದು ಎದ್ದರು. ವಯಸ್ಸಾಗಿದೆ, ಇಷ್ಟಾದರೂ ಹಾಡಿದರಲ್ಲ ಎಂದು ಜನ ಕಣ್ಣೊರೆಸಿಕೊಂಡು ಮನೆಗೆ ಹೋದರು. ನಾನು ನೀರು ತೆಗೆದುಕೊಂಡು ಒಳಗಿನ ಕೋಣೆಗೆ ಹೋದೆ. ಅಕ್ಕಾವ್ರು ಕುರ್ಚಿಗೆ ಒರಗಿ ಕುಳಿತಿದ್ದರು. ಬೆನ್ನಿನ ತನಕ ಸೀರೆ ತೊಯ್ದಿತ್ತು. ಶಿಷ್ಯೆಯೊಬ್ಬಳು ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದಳು. ನಾನು ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

"ಏನಪಾ, ಕರೆಂಟ್ ಹೋಗಿತ್ತೇನು?" ಎಂದು ಕೇಳಿದರು.

"ಇಲ್ರಿ ಅಕ್ಕಾರ. ನಿಮಗ ಸಪ್ಪಳ ಆಗಬಾರದಂತ ನಾನ ಬಂದ್ ಮಾಡಿದ್ನಿರಿ."

ಅವರಿಗೆ ಕೇಳಲಿಲ್ಲ. ಕಿವಿಗೆ ಕೈ ಹಚ್ಚಿದರು. ನಾನು ಜೋರಾಗಿ ಹೇಳಿದೆ, ಆಮೇಲೆ ಶಿಷ್ಯೆ ಅವರ ಕಿವಿಯ ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದಳು.

"ಸಪ್ಪಳ ಎಲ್ಲೀದಪಾ ನನಗ? ಎರಡು ವರ್ಷ ಆತು, ತಂಬೂರಿನೂ ನೆಟ್ಟಗ ಕೇಳಂಗಿಲ್ಲ. ತಂತಿ ಮುಟ್ಟಿ ನೋಡಿ ಹಾಡತೇನಿ" ಅಂದರು. ಸಿಟ್ಟಿರಲಿಲ್ಲ. ನೀರು ಕುಡಿದು, ಲೋಟ ನನ್ನ ಕೈಗೆ ಕೊಟ್ಟು ಹೇಳಿದರು. "ಶೆಕಿಗೆ ಜೀವ ಕೈಯಾಗ ಬಂತು ನೋಡು. ಇಲ್ಲಂದ್ರ ಕಡೀಕ ಭೈರವಿ ಹಾಡಬೇಕಂತ ಮಾಡಿದ್ದೆ. ತಿಂಗಳಾತು, ಅದನ್ನ ಕೂಡಿಸಾಕತ್ತಿದ್ದೆ."

ಅಕ್ಕಾವ್ರು ಮತ್ತೆ ಹಾಡಲಿಲ್ಲ. ಮರುವರ್ಷ ತೀರಿಕೊಂಡರು. ಅವರ ಶ್ರದ್ಧಾಂಜಲಿ ಸಭೆಗೂ ಮೈಕು ಹಚ್ಚಿದ್ದು ನಾನೇ.

ಆ ಮಧ್ಯಾಹ್ನ ಮನೆಗೆ ಹೋಗಿ ಗಂಗವ್ವನಿಗೆ ಎಲ್ಲ ಹೇಳಿದೆ. ಹುಗ್ಗಿ ತಯಾರಾಗಿತ್ತು. ನೌಕರಿಯ ಮಾತು ಕೇಳುತ್ತಲೇ ಅವಳು ಹುಗ್ಗಿ ಬಡಿಸಿದಳು. ಭೈರವಿಯ ಮಾತಿಗೆ ಬಂದಾಗ, "ತಂಬೂರಿ ಕೂಡಸಾಕತ್ತಾಗ ಒಂದು ಮಾತು ಕೇಳಿದ್ರ ಆಗತಿತ್ತಲ್ರಿ" ಅಂದಳು. ಆಗುತ್ತಿತ್ತು. ಅವರು ಕುಳಿತಲ್ಲಿಂದ ನನ್ನ ಸ್ಟೂಲಿಗೆ ಹತ್ತು ಹೆಜ್ಜೆ.

ಆದ್ದರಿಂದ ಸವಿತಾ ಅವರೇ, ಮ್ಯಾನ್ಯುಯಲ್‌ನಲ್ಲಿ ಏನೇ ಇರಲಿ, ದೇಸಾಯಿಯವರು ನನಗೆ ಹೇಳಿದ್ದು ಏನೇ ಇರಲಿ, ಹಾಡುವವರು ಬಂದು ಕುಳಿತ ಮೇಲೆ ಎದ್ದು ಹೋಗಿ ಅವರ ಹತ್ತಿರ ಬಗ್ಗಿ ಕೇಳಿರಿ. ಫ್ಯಾನು ಇರಲೋ ಬೇಡವೋ ಎಂದು. ಅವರಿಗೆ ಒಮ್ಮೆಗೆ ಕೇಳಿಸದಿದ್ದರೆ ಇನ್ನೊಮ್ಮೆ ಜೋರಾಗಿ ಕೇಳಿರಿ, ಸಭೆ ಕಾಯುತ್ತದೆ.

ಆ ದಿನ ಅಕ್ಕಾವ್ರನ್ನು ಕಾರು ಹತ್ತಿಸಿ ಬಂದ ಮೇಲೆ ನಾನು ಕಿಸೆಯಿಂದ ಫ್ಯೂಸು ತೆಗೆದು ಹಾಕಿದೆ. ಹನ್ನೆರಡೂ ಫ್ಯಾನು ಹಚ್ಚಿದೆ. ಒಳಗೆ ಯಾರೂ ಇರಲಿಲ್ಲ. ಕುರ್ಚಿಗಳ ಮೇಲೆ ಜನ ಬಿಟ್ಟುಹೋದ ಆಮಂತ್ರಣ ಪತ್ರಿಕೆಗಳು ಗಾಳಿಗೆ ಎದ್ದು ಬೀಳತೊಡಗಿದವು. ಅವನ್ನೆಲ್ಲ ಹೆಕ್ಕುವ ತನಕ ಫ್ಯಾನು ನಡೆಯಲಿ ಎಂದು ಬಿಟ್ಟೆ.